ನಾಲ್ಕು ಕಂಪನಿ ಲೆಕ್ಕ ಕೂಡಿದ್ರೆ ದೇಶದ ಗ್ಯಾಸ್ ಡಬಲ್ ಆಗೋದ್ಯಾಕೆ?

ಪ್ರಶ್ನೆ: ಸರ್, ಅಂಕಿಅಂಶ ಇಲಾಖೆಯ ಎನರ್ಜಿ ವಿಭಾಗಕ್ಕೆ ಹೊಸದಾಗಿ ಬಂದಿದೀನಿ. ನ್ಯಾಚುರಲ್ ಗ್ಯಾಸ್ ಸಾಗಿಸೋ ಪೈಪ್‌ಲೈನ್ ಕಂಪನಿಗಳು, ಊರೊಳಗೆ ಹಂಚೋ ಕಂಪನಿಗಳು, ಎಲ್ಲರ ಹತ್ರನೂ ಲೆಕ್ಕ ತರಿಸಿ ಇಡೀ ದೇಶದ ಪಟ್ಟಿ ಮಾಡೋಕೆ ಹೇಳಿದಾರೆ. ಹಳೇ ಫಾರಂನಲ್ಲಿ "ವರ್ಷದಲ್ಲಿ ಸಾಗಿಸಿದ ಒಟ್ಟು ಗ್ಯಾಸ್" ಅಂತ ಒಂದೇ ಕಾಲಂ ಇದೆ. ಎಲ್ಲರದ್ದೂ ಕೂಡಿದ್ರೆ ಉತ್ಪಾದನೆ, ಆಮದು ಎರಡೂ ಸೇರಿದ್ದಕ್ಕಿಂತ ಡಬಲ್ ಬರ್ತಿದೆ. ಯಾರನ್ನ ಕೇಳ್ಬೇಕು, ಏನು ಕೇಳ್ಬೇಕು, ತಿಂಗಳಿಗೊಮ್ಮೆನಾ ವರ್ಷಕ್ಕೊಮ್ಮೆನಾ? ಲೆಕ್ಕಕ್ಕೆ ಸಿಗದ ಗ್ಯಾಸ್ ಅಂತ ಒಂದಿಷ್ಟು ಉಳಿಯುತ್ತಲ್ಲ, ಅದನ್ನ ಏನ್ಮಾಡ್ಲಿ?

ಉತ್ತರ: ನಿಮ್ಮ ಕೂಡಿಸೋದ್ರಲ್ಲಿ ತಪ್ಪೇನಿಲ್ಲ, ಕೇಳಿರೋ ಪ್ರಶ್ನೆನೇ ತಪ್ಪು. "ಎಷ್ಟು ಸಾಗಿಸಿದ್ರಿ" ಅಂತ ಕೇಳಿದ್ರೆ ಪ್ರತಿ ಕಂಪನಿನೂ ನಿಜಾನೇ ಹೇಳುತ್ತೆ, ಆದ್ರೆ ಅದೇ ಗ್ಯಾಸ್ ಮೂರು ಕಂಪನಿ ಪೈಪಲ್ಲಿ ಹರಿದು ಹೋಗಿದ್ರೆ ಮೂರು ಸಲ ಎಣಿಕೆಗೆ ಬರುತ್ತೆ. ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ಹಳ್ಳಕ್ಕೆ ಬಿದ್ದಿದ್ದೆ, ಎರಡು ವಾರ ಕೂತು ಕೂಡಿದ್ದನ್ನೇ ಕೂಡಿ ಕೂಡಿ ಎಲ್ಲಿ ತಪ್ಪಿದೆ ಅಂತ ಹುಡುಕಿದ್ದೆ, ಹೊಳೇಲಿ ಹುಣಸೇಹಣ್ಣು ಕಿವುಚಿದಂಗಾಯ್ತು.

ಒಂದು ಚಿಕ್ಕ ಲೆಕ್ಕ ತಗೊಳ್ಳಿ, ನಾನೇ ಕಟ್ಟಿದ್ದು, ಯಾವ ದೇಶದ್ದೂ ಅಲ್ಲ, ಎಲ್ಲಾ ಮಿಲಿಯನ್ ಘನ ಮೀಟರ್‌ನಲ್ಲಿ. ಪೈಪ್‌ಲೈನ್ ಕಂಪನಿ ಅ ಬಾವಿಯಿಂದ 1,000 ತಗೊಳ್ತು. ಅದರಲ್ಲಿ 600 ಇನ್ನೊಂದು ಪೈಪ್‌ಲೈನ್ ಕಂಪನಿ ಬ ಗೆ ಕೊಡ್ತು, 250 ನೇರವಾಗಿ ಒಂದು ವಿದ್ಯುತ್ ಸ್ಥಾವರಕ್ಕೆ, 140 ಊರಿಗೆ ಹಂಚೋ ಕಂಪನಿ ಕ ಗೆ. ಗ್ಯಾಸನ್ನ ಒತ್ತಿ ಮುಂದೆ ತಳ್ಳೋ ಕಂಪ್ರೆಸರ್ ಓಡಿಸೋಕೆ ತಾನೇ 7 ಸುಟ್ಕೊಳ್ತು, ವರ್ಷದ ಕೊನೇಲಿ ಪೈಪೊಳಗೆ ಒತ್ತಡ ಜಾಸ್ತಿ ಇದ್ದಿದ್ರಿಂದ 2 ಅಲ್ಲೇ ಉಳೀತು, 1 ಲೆಕ್ಕಕ್ಕೆ ಸಿಗಲಿಲ್ಲ. ಕಂಪನಿ ಬ ತನ್ನ ಮೀಟರ್ ನೋಡಿ "ನಂಗೆ ಬಂದಿದ್ದು 597" ಅಂತು. ಅದರಲ್ಲಿ 400 ಹಂಚೋ ಕಂಪನಿ ಡ ಗೆ, 190 ಒಂದು ಗೊಬ್ಬರದ ಕಾರ್ಖಾನೆಗೆ, 5 ಕಂಪ್ರೆಸರ್‌ಗೆ, 2 ಲೆಕ್ಕಕ್ಕಿಲ್ಲ. ಕ ತನ್ನ ಗ್ರಾಹಕರಿಗೆ 138 ಮುಟ್ಟಿಸ್ತು, ಡ 394 ಮುಟ್ಟಿಸ್ತು. ಈಗ "ಸಾಗಿಸಿದ ಒಟ್ಟು" ಕಾಲಂ ಕೂಡಿ: 990, 590, 138, 394, ಒಟ್ಟು 2,112. ದೇಶದೊಳಗೆ ಬಂದಿರೋದು ಬರೀ 1,000. ಕೊನೇಲಿ ಉರಿಸೋರ ಕೈಗೆ ಸೇರಿದ್ದು 250, 190, 138, 394 ಅಂದ್ರೆ 972. ಕಂಪ್ರೆಸರ್ 12, ಪೈಪಲ್ಲಿ ಉಳಿದಿದ್ದು 2, ನಾಲ್ಕೂ ಜನರ ಲೆಕ್ಕಕ್ಕೆ ಸಿಗದ್ದು 11, ಅ ಮತ್ತು ಬ ಮೀಟರ್ ಮಧ್ಯೆ ಜಗಳದಲ್ಲಿರೋದು 3. ಕೂಡಿ ನೋಡಿ, ಸರಿಯಾಗಿ 1,000.

ಈ ಲೆಕ್ಕ ಮಾಡೋಕಾಗಿದ್ದು ಹೇಗೆ? ಪ್ರತಿಯೊಬ್ಬರೂ "ಯಾರಿಂದ ಬಂತು, ಯಾರಿಗೆ ಕೊಟ್ಟೆ" ಅಂತ ಹೆಸರು ಸಮೇತ ಹೇಳಿದ್ರಿಂದ. ಫಾರಂನಲ್ಲಿ ಎಡಗಡೆ ಬಂದಿದ್ದು, ಬಲಗಡೆ ಹೋಗಿದ್ದು, ನಮ್ಮ ಹಳೇ ಜಮಾ-ಖರ್ಚಿನ ಪುಸ್ತಕ ಇದ್ದಂಗೆ. ಎಡಗಡೆ: ಬಾವಿ ಅಥವಾ ಸಂಸ್ಕರಣಾ ಘಟಕದಿಂದ, ಗಡಿಯಾಚೆಯಿಂದ, ದ್ರವ ಮಾಡಿದ ಗ್ಯಾಸ್ ಇಳಿಸೋ ಎಲ್‌ಎನ್‌ಜಿ ಟರ್ಮಿನಲ್‌ನಿಂದ, ಬೇರೆ ಪೈಪ್‌ಲೈನ್ ಕಂಪನಿಯಿಂದ, ಸಂಗ್ರಹಾಗಾರದಿಂದ ವಾಪಸ್ ತೆಗೆದದ್ದು. ಬಲಗಡೆ: ಬೇರೆ ಕಂಪನಿಗೆ ಕೊಟ್ಟಿದ್ದು, ಕೊನೆಯ ಗ್ರಾಹಕರಿಗೆ ಕೊಟ್ಟಿದ್ದು, ಗಡಿಯಾಚೆಗೆ ಹೋಗಿದ್ದು, ಸಂಗ್ರಹಕ್ಕೆ ತುಂಬಿದ್ದು, ಸ್ವಂತಕ್ಕೆ ಉರಿಸಿದ್ದು, ಲೈನ್‌ಪ್ಯಾಕ್ (ಪೈಪೊಳಗೇ ತುಂಬಿಕೊಂಡಿರೋ ಗ್ಯಾಸ್) ಬದಲಾವಣೆ. ಎರಡೂ ಕಡೆ ವ್ಯತ್ಯಾಸ ಎಷ್ಟೋ ಅದು ಲೆಕ್ಕಕ್ಕೆ ಸಿಗದ್ದು, ಮತ್ತೆ ಅದನ್ನ ಕಂಪನಿನೇ ಬರೀಬೇಕು, ನೀವು ಆಫೀಸಲ್ಲಿ ಕೂತು ಸರಿ ಮಾಡ್ಬಾರ್ದು. ಅಮೆರಿಕದ ಎನರ್ಜಿ ಇನ್ಫರ್ಮೇಷನ್ ಅಡ್ಮಿನಿಸ್ಟ್ರೇಷನ್ ಪ್ರತಿ ವರ್ಷ ತರಿಸೋ ಇಐಎ-176 ಅನ್ನೋ ಫಾರಂ ಹೆಚ್ಚುಕಮ್ಮಿ ಇದೇ ನಮೂನೆದು, ಬಂದಿದ್ದೊಂದು ಕಡೆ ಹೋಗಿದ್ದೊಂದು ಕಡೆ, ಅದೂ ರಾಜ್ಯವಾರು ಬೇರೆ ಬೇರೆ ಫಾರಂ, ಒಂದು ಕಂಪನಿ ಐದು ರಾಜ್ಯದಲ್ಲಿ ಪೈಪ್ ಹಾಕಿದ್ರೆ ಐದು ಫಾರಂ ತುಂಬ್ಬೇಕು, ರಾಜ್ಯದ ಗಡಿ ದಾಟಿದ ಗ್ಯಾಸೂ ಬಂದಿದ್ದು ಹೋಗಿದ್ದರ ಸಾಲಲ್ಲೇ ಬರುತ್ತೆ.

ಹೆಸರು ಸಮೇತ ಕೇಳಿದ್ರೆ ಇನ್ನೊಂದು ಲಾಭ. ಅ ಹೇಳೋದು 600, ಬ ಹೇಳೋದು 597, ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಇಲ್ಲಿ ಕೋಡಂಗಿ ಯಾರು ಅಂತ ನಿಮಗೆ ಗೊತ್ತಾಗುತ್ತೆ. ಅರ್ಧ ಪರ್ಸೆಂಟ್ ವ್ಯತ್ಯಾಸ ಮೀಟರ್‌ದು ಅಂತ ಬಿಡಬಹುದು. ಐದು ಪರ್ಸೆಂಟ್ ಬಂದ್ರೆ ಅದು ಮೀಟರ್ ಅಲ್ಲ, ಅಳತೆಯ ಯೂನಿಟ್.

ಯೂನಿಟ್ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದ್ರೆ ನಾನು ಕಂಡಿರೋ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ. ಘನ ಮೀಟರ್ ಅಂದ ತಕ್ಷಣ ಎಲ್ಲರದ್ದೂ ಒಂದೇ ಅಂದ್ಕೋಬೇಡಿ. ಗ್ಯಾಸ್ ಬಿಸಿಗೆ ಹಿಗ್ಗುತ್ತೆ, ಒತ್ತಡಕ್ಕೆ ಕುಗ್ಗುತ್ತೆ, ಅದಕ್ಕೇ ಯಾವ ಉಷ್ಣತೇಲಿ ಯಾವ ಒತ್ತಡದಲ್ಲಿ ಅಂತ ಹೇಳದೇ ಇದ್ರೆ ಆ ಅಂಕಿಗೆ ಅರ್ಥನೇ ಇಲ್ಲ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ 100 "ನಾರ್ಮಲ್" ಘನ ಮೀಟರ್, 15 ಡಿಗ್ರಿಯ "ಸ್ಟ್ಯಾಂಡರ್ಡ್" ಲೆಕ್ಕದಲ್ಲಿ 105.5 ಆಗುತ್ತೆ, ರಷ್ಯಾದಲ್ಲಿ ಬಳಸೋ 20 ಡಿಗ್ರಿ ಲೆಕ್ಕದಲ್ಲಿ 107.3. ಗ್ಯಾಸ್ ಅದೇ, ಒಂದು ಹನಿನೂ ಹೆಚ್ಚಾಗಿಲ್ಲ. ನಾನು ಐದು ಪರ್ಸೆಂಟ್ ಅಂದಿದ್ದು ಇದಕ್ಕೇ, ಕೊಟ್ಟೋರು ತಗೊಂಡೋರ ಮಧ್ಯೆ ಐದೂವರೆ ಪರ್ಸೆಂಟ್ ಹತ್ತಿರದ ವ್ಯತ್ಯಾಸ ಕಂಡ್ರೆ ನಾನು ಫೋನ್ ಮಾಡೋಕೆ ಮುಂಚೆನೇ ಉತ್ತರ ಗೊತ್ತಿರುತ್ತೆ. ತಮಾಷೆ ಅಂದ್ರೆ ಅಮೆರಿಕದವರ 60 ಡಿಗ್ರಿ ಫ್ಯಾರನ್‌ಹೀಟ್, ಚದರ ಇಂಚಿಗೆ 14.73 ಪೌಂಡ್ ಒತ್ತಡದ ಲೆಕ್ಕ ನೋಡೋಕೆ ವಿಚಿತ್ರ ಅನ್ನಿಸಿದ್ರೂ 15 ಡಿಗ್ರಿ ಸ್ಟ್ಯಾಂಡರ್ಡ್‌ಗೂ ಅದಕ್ಕೂ ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲೂ ಇಲ್ಲ, ಘನ ಅಡಿಯಿಂದ ಘನ ಮೀಟರ್‌ಗೆ 35.3147 ರಿಂದ ಭಾಗಿಸಿದ್ರೆ ಮುಗೀತು.

ಅದಕ್ಕಿಂತ ದೊಡ್ಡ ಗುಂಡಿ "ಎಂ" ಅನ್ನೋ ಅಕ್ಷರ. ಗ್ಯಾಸ್ ವ್ಯಾಪಾರದ ಹಳೇ ರೂಢಿಯಲ್ಲಿ ಎಂಸಿಎಫ್ ಅಂದ್ರೆ ಸಾವಿರ ಘನ ಅಡಿ, ರೋಮನ್ ಅಂಕಿಯ ಎಂ ಅದು. ಎಂಎಂಸಿಎಫ್ ಅಂದ್ರೆ ಹತ್ತು ಲಕ್ಷ. ಮೆಟ್ರಿಕ್ ಕಲಿತೋರಿಗೆ ಒಂದೇ ಎಂ ಅಂದ್ರೇನೇ ಮಿಲಿಯನ್. ಒಂದು ಸಲ ಒಂದು ಸಣ್ಣ ಹಂಚಿಕೆ ಕಂಪನಿ ಕಳಿಸಿದ ಫಾರಂ ಪ್ರಕಾರ ಆ ಊರೊಂದೇ ಇಡೀ ದೇಶಕ್ಕಿಂತ ಜಾಸ್ತಿ ಗ್ಯಾಸ್ ಸುಟ್ಟಿತ್ತು. ಫೋನ್ ಮಾಡಿದ್ರೆ ಆಕಡೆ ಇದ್ದ ಗುಮಾಸ್ತರು ಬೇಜಾರು ಮಾಡ್ಕೊಂಡು "ಎಂ ಅಂತ ನೀವೇ ಪ್ರಿಂಟ್ ಮಾಡಿದೀರಲ್ಲ ಸ್ವಾಮಿ" ಅಂದ್ರು. ಹೌದಲ್ಲ ಅನ್ನಿಸ್ತು. ಅವತ್ತಿಂದ ಫಾರಂನಲ್ಲಿ ಎಂ ಅನ್ನೋದನ್ನೇ ತೆಗೆದುಹಾಕಿ "ಸಾವಿರ ಘನ ಮೀಟರ್, 15 ಡಿಗ್ರಿ ಸೆಲ್ಸಿಯಸ್, 101.325 ಕಿಲೋಪಾಸ್ಕಲ್" ಅಂತ ಪೂರ್ತಿ ಅಕ್ಷರದಲ್ಲಿ ಹಾಕಿಸಿದೆ. ನೀವೂ ಅಷ್ಟು ಮಾಡಿ, ಜೊತೆಗೆ "ನಿಮ್ಮ ಮೀಟರ್ ಬೇರೆ ಉಷ್ಣತೆ, ಒತ್ತಡದಲ್ಲಿ ಅಳೆದ್ರೆ ಇಲ್ಲಿ ಬರೀರಿ, ನಾವೇ ಬದಲಾಯಿಸ್ಕೋತೀವಿ" ಅಂತ ಒಂದು ಖಾಲಿ ಜಾಗ ಬಿಡಿ. ಕಂಪನಿಯವರ ಕೈಲಿ ಲೆಕ್ಕ ಬದಲಾಯಿಸೋಕೆ ಹಚ್ಚಿದ್ರೆ ಒಬ್ಬೊಬ್ಬರು ಒಂದೊಂದು ಥರ ಮಾಡ್ತಾರೆ.

ಮನೆ ಮೀಟರ್ ಕಥೆ ಇನ್ನೂ ಬೇರೆ. ಅದರಲ್ಲಿ ಉಷ್ಣತೆ ಸರಿಪಡಿಸೋ ಯಂತ್ರ ಸಾಮಾನ್ಯವಾಗಿ ಇರಲ್ಲ, ಬ್ರಿಟನ್‌ನಲ್ಲಿ ಮನೆಗಳ ಬಿಲ್ಲಿಗೆ 1.02264 ಅನ್ನೋ ಒಂದೇ ಗುಣಕ ಹಾಕಿಬಿಡ್ತಾರೆ, ಚಳಿ ಇರಲಿ ಬಿಸಿಲಿರಲಿ. ಅಂದ್ರೆ ಊರ ಬಾಗಿಲಲ್ಲಿರೋ ದೊಡ್ಡ ಮೀಟರ್ ಒಂದು ಥರ ಅಳೆಯುತ್ತೆ, ಲಕ್ಷಾಂತರ ಮನೆಯ ಸಣ್ಣ ಮೀಟರ್‌ಗಳು ಇನ್ನೊಂದು ಥರ, ನಡುವಿನ ಅಂತರ ಹೋಗಿ ಸೇರೋದು ಅದೇ ಲೆಕ್ಕಕ್ಕೆ ಸಿಗದ ಸಾಲಿಗೆ.

ಶಾಖದ ಲೆಕ್ಕಾನೂ ಕೇಳಿ, ಬರೀ ಗಾತ್ರ ಸಾಲ್ದು. ಒಂದು ಬಾವಿಯ ಗ್ಯಾಸಲ್ಲಿ ಮೀಥೇನ್ ಜೊತೆ ಈಥೇನ್ ಜಾಸ್ತಿ ಇದ್ರೆ ಶಾಖ ಜಾಸ್ತಿ, ಇನ್ನೊಂದರಲ್ಲಿ ನೈಟ್ರೋಜನ್ ಇದ್ರೆ ಕಮ್ಮಿ, ಎರಡೂ ಒಂದೇ ಘನ ಮೀಟರ್. ಕಂಪನಿಗಳು ಸಾಮಾನ್ಯವಾಗಿ ಬಿಲ್ ಮಾಡೋದು ಗ್ರಾಸ್ ಶಾಖದ ಮೇಲೆ, ಅಂದ್ರೆ ಉರಿದಾಗ ಬರೋ ಹಬೆಯ ಶಾಖವೂ ಸೇರಿ. ದೇಶದ ಎನರ್ಜಿ ಬ್ಯಾಲೆನ್ಸ್, ಅಂದ್ರೆ ಎಲ್ಲಾ ಇಂಧನಗಳ ಒಟ್ಟು ಜಮಾ-ಖರ್ಚು, ಮಾಡುವಾಗ ಕಲ್ಲಿದ್ದಲು, ಎಣ್ಣೆ ಜೊತೆ ಸಾಲಾಗಿ ಇಡೋದು ಸಾಮಾನ್ಯವಾಗಿ ನೆಟ್ ಶಾಖದಲ್ಲಿ, ಅಂದ್ರೆ ಆ ಹಬೆಯ ಶಾಖ ಬಿಟ್ಟು. ನ್ಯಾಚುರಲ್ ಗ್ಯಾಸ್‌ಗೆ ನೆಟ್ ಅನ್ನೋದು ಗ್ರಾಸ್‌ನ ಸುಮಾರು 90 ಪರ್ಸೆಂಟ್, ಯಾವುದು ಅಂತ ಬರೀದೇ ಬಿಟ್ರೆ ಹತ್ತು ಪರ್ಸೆಂಟ್ ಗ್ಯಾಸ್ ಕಾಗದದ ಮೇಲೆ ಮಾಯ. ಇಂಟರ್‌ನ್ಯಾಷನಲ್ ಎನರ್ಜಿ ಏಜೆನ್ಸಿ, ಯುರೋಪ್ ಒಕ್ಕೂಟದ ಅಂಕಿಅಂಶ ಕಚೇರಿ ಯೂರೋಸ್ಟಾಟ್, ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ ಮೂರೂ ಸೇರಿ ಕಳಿಸೋ ವಾರ್ಷಿಕ ಗ್ಯಾಸ್ ಪ್ರಶ್ನಾವಳಿಯಲ್ಲಿ ಶಾಖವನ್ನ ಟೆರಾಜೂಲ್ ಅನ್ನೋ ಯೂನಿಟ್‌ನಲ್ಲಿ, ಗ್ರಾಸ್‌ನಲ್ಲಿ ಕೇಳ್ತಾರೆ, ನೀವೂ ಕಂಪನಿಗಳಿಂದ ಗ್ರಾಸ್‌ನಲ್ಲೇ ತಗೊಂಡು ಕೊನೇಲಿ ನೀವೇ ನೆಟ್ ಮಾಡ್ಕೊಳ್ಳಿ.

ಇನ್ನು ಯಾರನ್ನ ಕೇಳ್ಬೇಕು. ವ್ಯಾಪಾರ ನೋಂದಣಿ ಪುಸ್ತಕದಿಂದ "ಗ್ಯಾಸ್" ಅಂತ ಫಿಲ್ಟರ್ ಹಾಕಿ ಪಟ್ಟಿ ತೆಗೆದಿರ್ತೀರಿ ಅನ್ಸುತ್ತೆ, ಎಲ್ಲರೂ ಮೊದಲು ಅದನ್ನೇ ಮಾಡೋದು. ವಿಶ್ವಸಂಸ್ಥೆಯ ಐಎಸ್‌ಐಸಿ ಅನ್ನೋ ಉದ್ಯಮ ವರ್ಗೀಕರಣದ ನಾಲ್ಕನೇ ಪರಿಷ್ಕರಣೆಯಲ್ಲಿ ಊರೊಳಗೆ ಕೊಳವೆಯಲ್ಲಿ ಗ್ಯಾಸ್ ಹಂಚೋದಕ್ಕೆ ಕೋಡ್ 3520, ಅದು ವಿದ್ಯುತ್-ಗ್ಯಾಸ್ ವಿಭಾಗ. ಆದ್ರೆ ದೂರಕ್ಕೆ ಪೈಪ್‌ಲೈನಲ್ಲಿ ಸಾಗಿಸೋದು 4930, ಅದು ಲಾರಿ, ರೈಲಿನ ಜೊತೆ ಸಾರಿಗೆ ವಿಭಾಗದಲ್ಲಿ ಕೂತಿದೆ, ಅದರಲ್ಲಿ ಎಣ್ಣೆ, ನೀರು ಸಾಗಿಸೋ ಪೈಪ್‌ಲೈನ್‌ಗಳೂ ಇವೆ. ಸಂಗ್ರಹಾಗಾರ ನಡೆಸೋರು ಇನ್ನೊಂದು ಕಡೆ, ಗೋದಾಮಿನ ಕೋಡಲ್ಲಿ. ನೀವು ಒಂದೇ ವಿಭಾಗ ನೋಡಿದ್ರೆ ಹಂಚೋರು ಸಿಗ್ತಾರೆ, ಅವರಿಗೆ ಗ್ಯಾಸ್ ತಂದುಕೊಡೋರು ಸಿಗಲ್ಲ. ಇನ್ನೊಂದು ಕಡೆ ಸಿಲಿಂಡರ್ ಮಾರೋ ಎಲ್‌ಪಿಜಿ ಏಜೆನ್ಸಿಗಳು ಹೆಸರಲ್ಲಿ ಗ್ಯಾಸ್ ಇದೆ ಅಂತ ನೂರಾರು ಸಂಖ್ಯೆಯಲ್ಲಿ ಪಟ್ಟಿಗೆ ನುಗ್ಗಿರ್ತಾರೆ, ಅವರದ್ದು ವ್ಯಾಪಾರ, ನಿಮ್ಮ ಪಟ್ಟಿಗೆ ಸಂಬಂಧ ಇಲ್ಲ. ನಿಯಂತ್ರಣ ಪ್ರಾಧಿಕಾರದ ಲೈಸೆನ್ಸ್ ಪಟ್ಟಿ ಇದಕ್ಕಿಂತ ಚೆನ್ನಾಗಿರುತ್ತೆ, ಆದ್ರೆ ಅದರಲ್ಲಿ ಲೈಸೆನ್ಸ್ ತಗೊಂಡು ಇನ್ನೂ ಒಂದಡಿ ಪೈಪೂ ಹೂಳದೇ ಇರೋರೂ ಇರ್ತಾರೆ, ನಗರಸಭೆಗಳೇ ನಡೆಸೋ ಸಣ್ಣ ಜಾಲಗಳು, ಕೈಗಾರಿಕಾ ಪ್ರದೇಶದೊಳಗಿನ ಖಾಸಗಿ ಪೈಪುಗಳು ಬಿಟ್ಟುಹೋಗಿರ್ತವೆ.

ನನ್ನ ಅನುಭವದಲ್ಲಿ ಪಟ್ಟಿ ಪಕ್ಕಾ ಮಾಡೋಕೆ ಒಳ್ಳೇ ಉಪಾಯ ನಿಮ್ಮ ಫಾರಂನಲ್ಲೇ ಇದೆ. ಮೊದಲ ವರ್ಷ ಗೊತ್ತಿರೋ ದೊಡ್ಡ ಕಂಪನಿಗಳಿಗೆ ಕಳಿಸಿ, ಅವರು "ಯಾರಿಗೆ ಕೊಟ್ಟೆ" ಅಂತ ಬರೆದಿರೋ ಹೆಸರುಗಳಲ್ಲಿ ನಿಮ್ಮ ಪಟ್ಟಿಯಲ್ಲಿ ಇಲ್ಲದಿರೋದನ್ನ ಗುರುತು ಹಾಕಿ, ಅವರಿಗೂ ಫಾರಂ ಕಳಿಸಿ. ಎರಡು ಸುತ್ತು ಹೊಡೆದ್ರೆ ಜಾಲದ ಕೊನೇವರೆಗೂ ಮುಟ್ಟಿರ್ತೀರಿ. ದೇಶ ದೇಶಕ್ಕೆ ಇಲ್ಲಿ ಭಾರೀ ವ್ಯತ್ಯಾಸ, ಕೆಲವು ಕಡೆ ದೊಡ್ಡ ಪೈಪ್‌ಲೈನ್ ಪೂರ್ತಿ ಒಂದೇ ಕಂಪನಿ ಕೈಲಿ, ಅಮೆರಿಕದಲ್ಲಿ ಇಐಎ-176 ತುಂಬೋರು ಸುಮಾರು ಎರಡು ಸಾವಿರ.

ಈಗ ಮಾರೋನು ಬೇರೆ, ಸಾಗಿಸೋನು ಬೇರೆ ಅನ್ನೋ ಗೋಜಲು. ಹಿಂದೆ ಪೈಪ್‌ಲೈನ್ ಕಂಪನಿನೇ ಗ್ಯಾಸ್ ಕೊಂಡು ಮಾರ್ತಿತ್ತು, ಹಾಗಾಗಿ ಒಂದೇ ಫಾರಂನಲ್ಲಿ ಗಾತ್ರ, ಬೆಲೆ, ಗ್ರಾಹಕ ಎಲ್ಲ ಸಿಗ್ತಿತ್ತು. ಅಮೆರಿಕದಲ್ಲಿ ಕೇಂದ್ರ ಎನರ್ಜಿ ನಿಯಂತ್ರಣ ಆಯೋಗದ 1992ರ ಆರ್ಡರ್ 636 ಬಂದು ರಾಜ್ಯದಿಂದ ರಾಜ್ಯಕ್ಕೆ ಹೋಗೋ ಪೈಪ್‌ಲೈನ್‌ಗಳು ಮಾರಾಟದಿಂದ ಸಾಗಣೆಯನ್ನ ಬೇರೆ ಮಾಡ್ಬೇಕಾಯ್ತು, ಯುರೋಪಲ್ಲಿ 2003, 2009ರ ಗ್ಯಾಸ್ ನಿರ್ದೇಶನಗಳ ನಂತರ ಸಾಗಣೆ, ಹಂಚಿಕೆ, ಮಾರಾಟ ಬೇರೆ ಬೇರೆ ಆದವು. ಇದರ ಪರಿಣಾಮ ಅಂಕಿಅಂಶದ ಮೇಲೆ ಏನಾಯ್ತು ಅಂದ್ರೆ, ಮೀಟರ್ ಇಟ್ಕೊಂಡಿರೋನಿಗೆ ಎಷ್ಟು ಹೋಯ್ತು ಅಂತ ಗೊತ್ತು ಎಷ್ಟಕ್ಕೆ ಹೋಯ್ತು ಅಂತ ಗೊತ್ತಿಲ್ಲ, ಬಿಲ್ ಮಾಡೋನಿಗೆ ಬೆಲೆ ಗೊತ್ತು, ಪೈಪ್ ಅವನದಲ್ಲ. ಅದಕ್ಕೇ ಗಾತ್ರವನ್ನ ಸಾಗಿಸೋರ ಹತ್ರ ಕೇಳಿ, ಬೆಲೆಯನ್ನ ಮಾರೋರ ಹತ್ರ ಕೇಳಿ, ಹಂಚೋ ಕಂಪನಿಯ ಫಾರಂನಲ್ಲಿ "ನಮ್ಮದೇ ಗ್ಯಾಸ್ ಮಾರಿದ್ದು" ಮತ್ತು "ಬೇರೆಯವರ ಗ್ಯಾಸ್ ಬರೀ ಸಾಗಿಸಿ ಕೊಟ್ಟಿದ್ದು" ಅಂತ ಎರಡು ಸಾಲು ಇಡಿ. ಬರೀ ಹಂಚೋರ ಬೆಲೆ ತಗೊಂಡು ಕೈಗಾರಿಕಾ ಸರಾಸರಿ ಬೆಲೆ ಅಂತ ಪ್ರಕಟ ಮಾಡ್ಬೇಡಿ, ದೊಡ್ಡ ಕಾರ್ಖಾನೆಗಳು ಹೊರಗಿನವರಿಂದ ಕೊಂಡಿರ್ತವೆ, ಆ ಬೆಲೆ ನಿಮ್ಮ ಸರಾಸರಿಯಲ್ಲಿ ಇರಲ್ಲ. ಅಮೆರಿಕದವರು ಆ ಬೆಲೆ ಎಷ್ಟು ಪರ್ಸೆಂಟ್ ಗ್ಯಾಸ್‌ಗೆ ಅನ್ವಯ ಅಂತ ಪಕ್ಕದಲ್ಲೇ ಹಾಕ್ತಾರೆ, ಅದು ಮರ್ಯಾದಸ್ಥರ ಕೆಲಸ.

ಗ್ರಾಹಕರ ವಿಂಗಡಣೆ ಬಗ್ಗೆ ಹೆಚ್ಚು ಹೇಳಲ್ಲ. ಕಂಪನಿಗೆ ಗೊತ್ತಿರೋದು ದರದ ವರ್ಗ, ನಿಮಗೆ ಬೇಕಿರೋದು ಮನೆ, ವಾಣಿಜ್ಯ, ಕೈಗಾರಿಕೆ, ವಿದ್ಯುತ್, ವಾಹನ. ನೂರು ಮನೆಗೆ ಒಂದೇ ಮೀಟರ್ ಇರೋ ಅಪಾರ್ಟ್‌ಮೆಂಟ್ ವಾಣಿಜ್ಯದಲ್ಲಿ ಕೂತಿರುತ್ತೆ, ಸಣ್ಣ ಕಾರ್ಖಾನೆನೂ ಅಲ್ಲೇ. ವಿದ್ಯುತ್ ಸ್ಥಾವರಗಳ ಲೆಕ್ಕ ಮಾತ್ರ ಆ ಸ್ಥಾವರಗಳಿಂದಲೇ ಇನ್ನೊಂದು ಕಡೆಯಿಂದ ತರಿಸಿ ತಾಳೆ ನೋಡಿ, ಅವು ಕಡಿಮೆ ಸಂಖ್ಯೆಯಲ್ಲಿವೆ, ದೊಡ್ಡ ಪಾಲು ಉರಿಸ್ತವೆ.

ತಿಂಗಳಿಗಾ ವರ್ಷಕ್ಕಾ ಅಂತ ಕೇಳಿದ್ರಿ. ಎರಡೂ ಬೇಕು, ಆದ್ರೆ ಒಂದೇ ಫಾರಂ ಬೇಡ. ವರ್ಷಕ್ಕೊಮ್ಮೆ ಎಲ್ಲರನ್ನೂ ಪೂರ್ತಿ ಕೇಳಿ. ತಿಂಗಳಿಗೆ ದೊಡ್ಡವರೆಲ್ಲ, ಸಣ್ಣವರಲ್ಲಿ ಕೆಲವರು ಮಾದರಿಗೆ, ಪ್ರಶ್ನೆ ಹತ್ತು ದಾಟಬಾರದು. ಇಲ್ಲಿ ಕ್ಯಾಲೆಂಡರ್ ಕೈ ಕೊಡುತ್ತೆ ಹುಷಾರು. ಗ್ಯಾಸ್ ದಿನ ನಡುರಾತ್ರಿಗೆ ಮುಗಿಯಲ್ಲ, ಬ್ರಿಟನ್‌ನಲ್ಲಿ ಬೆಳಗ್ಗೆ 6ಕ್ಕೆ ಶುರುವಾಗ್ತಿದ್ದದ್ದು 2015ರ ಅಕ್ಟೋಬರ್ 1ರಿಂದ 5ಕ್ಕೆ ಬಂತು, ಅಮೆರಿಕದಲ್ಲಿ ಸೆಂಟ್ರಲ್ ಸಮಯ ಬೆಳಗ್ಗೆ 9ಕ್ಕೆ. ಅದು ಪೈಪ್‌ಲೈನ್ ಕಡೆ, ಸಣ್ಣ ತೊಂದರೆ. ಹಂಚೋ ಕಡೆ ದೊಡ್ಡದು: ಮನೆ ಮೀಟರ್ ಓದೋಕೆ ಬೀದಿ ಬೀದಿಗೆ ಬೇರೆ ಬೇರೆ ದಿನ ಹೋಗ್ತಾರೆ, ಜನವರಿ ಬಿಲ್ಲಲ್ಲಿ ಅರ್ಧ ಡಿಸೆಂಬರ್ ಗ್ಯಾಸ್ ಇರುತ್ತೆ. ಚಳಿ ಶುರುವಾದಾಗ ಊರಿಗೆ ಬಂದಿದ್ದು ಜಾಸ್ತಿ, ಬಿಲ್ ಆಗಿದ್ದು ಕಮ್ಮಿ, ಲೆಕ್ಕಕ್ಕೆ ಸಿಗದ್ದು ಉಬ್ಬುತ್ತೆ. ಚಳಿ ಇಳಿದಾಗ ಉಲ್ಟಾ, ಬಂದಿದ್ದಕ್ಕಿಂತ ಮಾರಿದ್ದೇ ಜಾಸ್ತಿ, ಕಳೆದುಹೋದ ಗ್ಯಾಸ್ ಮೈನಸ್ಸಲ್ಲಿ ಬರುತ್ತೆ. ಹೊಸಬರು ಮೈನಸ್ ಕಂಡ ತಕ್ಷಣ ಗಾಬರಿಯಾಗಿ ಸೊನ್ನೆ ಮಾಡಿಬಿಡ್ತಾರೆ, ದಯವಿಟ್ಟು ಮಾಡ್ಬೇಡಿ, ಸೊನ್ನೆ ಮಾಡಿದ್ರೆ ಪ್ಲಸ್ ತಿಂಗಳುಗಳು ಹಾಗೇ ಉಳಿದು ವರ್ಷದ ಒಟ್ಟು ಊದಿಕೊಳ್ಳುತ್ತೆ. ಅಮೆರಿಕದ ಪೈಪ್‌ಲೈನ್ ಸುರಕ್ಷತೆಯ ಇಲಾಖೆ ಹಂಚೋ ಕಂಪನಿಗಳಿಂದ ಈ ಲೆಕ್ಕಕ್ಕೆ ಸಿಗದ ಗ್ಯಾಸಿನ ಅಂಕಿಯನ್ನ ಮಾತ್ರ ಜೂನ್ 30ಕ್ಕೆ ಮುಗಿಯೋ ಹನ್ನೆರಡು ತಿಂಗಳಿಗೆ ಕೇಳುತ್ತೆ, ಬೇಸಿಗೆಯಲ್ಲಿ ಬಳಕೆ ಕಮ್ಮಿ ಇರೋದ್ರಿಂದ ಬಿಲ್ ಹಿಂದೆ ಬಿದ್ದಿರೋ ಗ್ಯಾಸೂ ಕಮ್ಮಿ ಇರುತ್ತೆ. ನಿಮ್ಮಲ್ಲೂ ವರ್ಷದ ಲೆಕ್ಕ ಮುಗಿಸೋಕೆ ಬಳಕೆ ತೀರಾ ಕಮ್ಮಿ ಇರೋ ತಿಂಗಳು ಯಾವುದು ಅಂತ ನೋಡ್ಕೊಳ್ಳಿ.

ಲೆಕ್ಕಕ್ಕೆ ಸಿಗದ ಗ್ಯಾಸನ್ನ ಏನ್ಮಾಡೋದು ಅಂದ್ರಿ. ಹಾಗೇ ಪ್ರಕಟ ಮಾಡಿ, ಆದ್ರೆ ಅದಕ್ಕೆ "ಸೋರಿಕೆ" ಅಂತ ಹೆಸರಿಡಬೇಡಿ. ಅದರೊಳಗೆ ಸೋರಿಕೆ ಇದೆ, ಕಳ್ಳತನ ಇದೆ, ಮೀಟರ್ ದೋಷ ಇದೆ, ಬಿಲ್ ತಡ ಇದೆ, ಉಷ್ಣತೆಯ ವ್ಯತ್ಯಾಸ ಇದೆ, ಗುಮಾಸ್ತರ ಕೈತಪ್ಪೂ ಇದೆ. ನೀವು ಸೋರಿಕೆ ಅಂತ ಬರೆದ್ರೆ ಮರುದಿನ ಯಾರೋ ಅದನ್ನ ಮೀಥೇನ್ ಮಾಲಿನ್ಯದ ಲೆಕ್ಕಕ್ಕೆ ಎತ್ತಿಕೊಂಡು ಹೋಗ್ತಾರೆ, ಕಂಪನಿಯವರು ಮುಂದಿನ ವರ್ಷದಿಂದ ಆ ಸಾಲನ್ನ ಚೆಂದ ಮಾಡಿ 0.5 ಅಂತ ಪ್ರತಿ ವರ್ಷ ಅದೇ ಅಂಕಿ ಕಳಿಸ್ತಾರೆ. ಒಂದು ಕಂಪನಿ ಮೂರು ವರ್ಷ ಸತತ ಒಂದೇ ಪರ್ಸೆಂಟ್ ತೋರಿಸಿದ್ರೆ ಅವರು ಅಳೀತಿಲ್ಲ, ಬರೀತಿದಾರೆ ಅಂತ ಅರ್ಥ. ಬೇಕಂತ ಪೈಪ್ ರಿಪೇರಿಗೆ ಹೊರಬಿಟ್ಟ ಗ್ಯಾಸ್, ಗೊತ್ತಿರೋ ಅಪಘಾತದಲ್ಲಿ ಹೋಗಿದ್ದು, ಇದನ್ನೆಲ್ಲ ಬೇರೆ ಸಾಲಲ್ಲಿ "ನಷ್ಟ" ಅಂತ ಕೇಳಿ, ಉಳಿದದ್ದನ್ನ "ಅಂಕಿಅಂಶ ವ್ಯತ್ಯಾಸ" ಅಂತ ಬಿಡಿ. ಕಂಪ್ರೆಸರ್‌ಗೆ ಉರಿಸಿದ್ದು ಇವೆರಡರಲ್ಲೂ ಅಲ್ಲ, ದೇಶದ ಬ್ಯಾಲೆನ್ಸಲ್ಲಿ ಅದು ಸಾರಿಗೆ ವಲಯದ ಬಳಕೆ, ಪೈಪ್‌ಲೈನ್ ಸಾಗಣೆ ಅನ್ನೋ ಸಾಲಿಗೆ ಹೋಗುತ್ತೆ.

ನೀವು ಕೇಳಲಿಲ್ಲ, ಆದ್ರೂ ಹೇಳಿಬಿಡ್ತೀನಿ, ಪ್ರಕಟಣೆಗೆ ಮುಂಚೆ ಕಾನೂನು ವಿಭಾಗದವರ ಹತ್ರ ಮಾತಾಡಿ. ಗ್ಯಾಸ್ ಕ್ಷೇತ್ರದಲ್ಲಿ ಒಂದು ಜಿಲ್ಲೆಗೆ ಒಬ್ಬನೇ ಹಂಚೋನು ಇರೋದು ಮಾಮೂಲು, ಜಿಲ್ಲಾವಾರು ಪಟ್ಟಿ ಹಾಕಿದ್ರೆ ಅದು ಆ ಕಂಪನಿಯ ಲೆಕ್ಕನೇ. ಪಟ್ಟಿಯ ಒಂದು ಚೌಕ ಖಾಲಿ ಬಿಟ್ಟು ಮುಚ್ಚಿಟ್ಟೆ ಅಂದ್ಕೊಂಡ್ರೂ ರಾಜ್ಯದ ಒಟ್ಟಿನಿಂದ ಉಳಿದ ಜಿಲ್ಲೆಗಳನ್ನ ಕಳೆದ್ರೆ ಅದು ಹೊರಗೆ ಬರುತ್ತೆ, ಹಾಗಾಗಿ ಇನ್ನೊಂದು ಚೌಕನೂ ಮುಚ್ಚಬೇಕಾಗುತ್ತೆ. ಇಐಎ-176ರಲ್ಲಿ ಕಂಪನಿವಾರು ಮಾಹಿತಿ ಸಾರ್ವಜನಿಕ, ಅದನ್ನ ಮೊದಲೇ ಫಾರಂನಲ್ಲಿ ಹೇಳಿರ್ತಾರೆ. ನಿಮ್ಮ ಕಾನೂನು ಒಪ್ಪಿದ್ರೆ ಆ ದಾರಿ ಸುಲಭ, ಒಪ್ಪದಿದ್ರೆ ಯಾವ ಮಟ್ಟದವರೆಗೆ ಪ್ರಕಟಿಸ್ತೀರಿ ಅಂತ ಫಾರಂ ಕಳಿಸೋಕೆ ಮುಂಚೆನೇ ತೀರ್ಮಾನ ಮಾಡಿ, ಲೆಕ್ಕ ಬಂದ ಮೇಲೆ ಅಲ್ಲ.

ಕೊನೇದಾಗಿ, ಹೊಸ ಫಾರಂ ಅಚ್ಚಿಗೆ ಕೊಡೋ ಮುಂಚೆ ಒಂದು ಪೈಪ್‌ಲೈನ್ ಕಂಪನಿಗೂ ಒಂದು ಸಣ್ಣ ಹಂಚೋ ಕಂಪನಿಗೂ ಹೋಗಿ, ಫಾರಂ ತುಂಬೋ ಗುಮಾಸ್ತರ ಪಕ್ಕದಲ್ಲಿ ಒಂದು ದಿನ ಕೂತ್ಕೊಳ್ಳಿ. ಅವರು ಯಾವ ಸಾಲಿಗೆ ಯಾವ ರಿಜಿಸ್ಟರ್ ತೆಗೀತಾರೆ, ಯಾವ ಸಾಲಿಗೆ ಯಾರಿಗೆ ಫೋನ್ ಮಾಡ್ತಾರೆ, ಯಾವ ಸಾಲು ಬಂದಾಗ ಸೀಲಿಂಗ್ ನೋಡ್ತಾರೆ ಅಂತ ಬರ್ಕೊಳ್ಳಿ. ಸೀಲಿಂಗ್ ನೋಡಿದ ಸಾಲುಗಳನ್ನ ಒಂದೋ ತೆಗೆದುಹಾಕಿ, ಇಲ್ಲಾಂದ್ರೆ ಆ ಅಂಕಿ ಬೇರೆ ಯಾರ ಹತ್ರ ಇದೆ ಅಂತ ಹುಡುಕಿ ಅವರನ್ನೇ ಕೇಳಿ.